ಲೇತ್ ಯಂತ್ರದಿಂದ ಬ್ಯಾಟರಿಯವರೆಗೆ: ಸ್ಟ್ಯಾನ್‌ಫರ್ಡ್ ಓವ್‌ಶಿನ್‌ಸ್ಕಿ



ನಮ್ಮ ಹಳ್ಳಿಗಳ ಕಡೆ ಬ್ಯಾಟರಿ ಎಂದರೆ ಟಾರ್ಚು. ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೊರಟವರು "ಬ್ಯಾಟರಿ ಕೊಡಿ" ಎಂದು ಕೇಳುತ್ತಾರೆ. ಅದರೊಳಗೆ ಹಾಕುವುದು ಸೆಲ್ಲು. ಸೆಲ್ಲು ಮುಗಿದರೆ ಎಸೆದು ಹೊಸದು ತರಬೇಕು. ಮತ್ತೆ ಮತ್ತೆ ಚಾರ್ಜು ಮಾಡಿ ಬಳಸುವ ಬ್ಯಾಟರಿ ಎಂದರೆ ಬಹುಕಾಲ ನಮಗೆ ಗೊತ್ತಿದ್ದದ್ದು ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಭಾರವಾದ ಸೀಸದ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದರು. 160 ವರ್ಷ ಕಳೆದರೂ ಅದು ಇನ್ನೂ ನಮ್ಮ ವಾಹನಗಳಲ್ಲಿದೆ. ಬ್ಯಾಟರಿಯ ಪ್ರಪಂಚದಲ್ಲಿ ಹೊಸದು ಬರುವುದು ಎಷ್ಟು ನಿಧಾನ ಎಂಬುದಕ್ಕೆ ಇದೇ ಸಾಕ್ಷಿ.

ಇಂಥ ಪ್ರಪಂಚಕ್ಕೆ ಹೊಸ ಬ್ಯಾಟರಿಯೊಂದನ್ನು ತಂದವರಲ್ಲಿ ಮುಖ್ಯರಾದ ಒಬ್ಬರ ಜೀವನ ಮತ್ತು ಸಾಧನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ಸ್ಟ್ಯಾನ್‌ಫರ್ಡ್ ಓವ್‌ಶಿನ್‌ಸ್ಕಿ. ಅಮೆರಿಕದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಲೇತ್ ಯಂತ್ರದ ಮುಂದೆ ನಿಂತು ಕೆಲಸ ಕಲಿತವರು. ಆದರೂ ಸುಮಾರು 400 ಪೇಟೆಂಟುಗಳಿಗೆ ಒಡೆಯರಾದರು. ವಿಜ್ಞಾನದ ಒಂದು ಹೊಸ ಶಾಖೆಗೇ ದಾರಿ ತೋರಿಸಿದರು. ಅವರ ಕತೆ ಕೇಳುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ: ಒಳ್ಳೆಯ ವಸ್ತುವೊಂದನ್ನು ಕಂಡುಹಿಡಿದರೆ ಸಾಕೆ? ಅದು ಜನರ ಕೈಗೆ ತಲುಪಬೇಕೋ ಬೇಡವೋ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ?

ಓವ್‌ಶಿನ್‌ಸ್ಕಿ ಹುಟ್ಟಿದ್ದು 1922ರ ನವೆಂಬರ್ 24ರಂದು, ಓಹಾಯೊ ರಾಜ್ಯದ ಏಕ್ರನ್ ಪಟ್ಟಣದಲ್ಲಿ. ಏಕ್ರನ್ ಆಗ ಟೈರು ಕಾರ್ಖಾನೆಗಳ ಊರು. ತಂದೆ ಬೆಂಜಮಿನ್ ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ. ಕುದುರೆಗಾಡಿಯಲ್ಲಿ ಸುತ್ತಿ ಹಳೆಯ ಕಬ್ಬಿಣ, ಗುಜರಿ ಲೋಹ ಸಂಗ್ರಹಿಸಿ ಸಂಸಾರ ನಡೆಸುತ್ತಿದ್ದರು. ಮಗನಿಗೆ ಎರಡು ಪಾಠಶಾಲೆಗಳು ಸಿಕ್ಕಿದವು. ಒಂದು ಊರಿನ ಸಾರ್ವಜನಿಕ ಗ್ರಂಥಾಲಯ. ಇನ್ನೊಂದು ಯಂತ್ರದ ಅಂಗಡಿ. ಹೈಸ್ಕೂಲು ಮುಗಿಸುವ ಮೊದಲೇ ಟೂಲ್‌ಮೇಕರ್ ಕೆಲಸಕ್ಕೆ ಸೇರಿದ ಹುಡುಗ, ಬಿಡುವಿನಲ್ಲಿ ಕೈಗೆ ಸಿಕ್ಕಿದ ಪುಸ್ತಕವನ್ನೆಲ್ಲ ಓದಿದ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಓವ್‌ಶಿನ್‌ಸ್ಕಿ ತಮ್ಮದೇ ಯಂತ್ರದ ಕಂಪನಿಯೊಂದನ್ನು ಆರಂಭಿಸಿದರು. ಅಲ್ಲಿ ರೂಪುಗೊಂಡದ್ದು ಒಂದು ಹೊಸ ಬಗೆಯ ಲೇತ್. ಸಾಮಾನ್ಯ ಲೇತ್ ಯಂತ್ರದಲ್ಲಿ ಕಬ್ಬಿಣದ ತುಂಡನ್ನು ಒಂದು ತುದಿಯಲ್ಲಿ ಹಿಡಿದು ತಿರುಗಿಸುತ್ತಾರೆ. ಇವರ ಯಂತ್ರ ಅದನ್ನು ನಡುವಿನಲ್ಲಿ ಹಿಡಿದು ತಿರುಗಿಸುತ್ತಿತ್ತು. ಹೀಗಾಗಿ ಎರಡು ತುದಿಗಳ ಕೆಲಸವನ್ನೂ ಒಟ್ಟಿಗೆ ಮುಗಿಸಬಹುದಾಗಿತ್ತು. ಈ ಯಂತ್ರಕ್ಕೆ ಮಗ ತಂದೆಯ ಹೆಸರನ್ನೇ ಇಟ್ಟರು: ಬೆಂಜಮಿನ್ ಲೇತ್. ಕೊರಿಯಾ ಯುದ್ಧದ ಕಾಲದಲ್ಲಿ ತೋಪಿನ ಗುಂಡುಗಳ ತಯಾರಿಕೆಗೆ ಅದು ಬಳಕೆಯಾಯಿತು. ಅಷ್ಟು ಹೊತ್ತಿಗೆ ಅವರು ಕಂಪನಿಯನ್ನು ಬೇರೆಯವರಿಗೆ ಮಾರಿದ್ದರು. ಯಂತ್ರ ಕಟ್ಟಿದವರೊಬ್ಬರು, ಅದರ ಬಳಕೆ ತೀರ್ಮಾನಿಸಿದವರು ಇನ್ನೊಬ್ಬರು. ಅವರ ಜೀವನದಲ್ಲಿ ಇದು ಮತ್ತೆ ದೊಡ್ಡ ಪ್ರಮಾಣದಲ್ಲಿ ನಡೆಯಲಿತ್ತು.

1950ರ ದಶಕದಲ್ಲಿ ಓವ್‌ಶಿನ್‌ಸ್ಕಿ ಡೆಟ್ರಾಯಿಟ್ ನಗರಕ್ಕೆ ಬಂದರು. ತಾನಾಗಿಯೇ ಕೆಲಸ ಮಾಡುವ ಯಂತ್ರಗಳ ಬಗ್ಗೆ ಯೋಚಿಸುತ್ತ ಹೋದವರಿಗೆ ಸಹಜವಾಗಿಯೇ ಮನುಷ್ಯನ ಮಿದುಳಿನ ಕಡೆ ಗಮನ ಹರಿಯಿತು. ನರತಂತುವಿನ ಒಂದು ಗುಣ ಅವರನ್ನು ಬಹಳವಾಗಿ ಸೆಳೆಯಿತು. ಪ್ರಚೋದನೆ ಒಂದು ಮಿತಿಗಿಂತ ಕಡಿಮೆಯಿದ್ದರೆ ನರಕೋಶ ಸುಮ್ಮನಿರುತ್ತದೆ. ಮಿತಿ ದಾಟಿದ ಕೂಡಲೇ ಎಚ್ಚೆತ್ತು ಸಂದೇಶ ಕಳಿಸುತ್ತದೆ. ಹಾಗೆಯೇ ವರ್ತಿಸುವ ಒಂದು ಸ್ವಿಚ್ಚನ್ನು ನಿರ್ಜೀವ ವಸ್ತುವಿನಲ್ಲಿ ಮಾಡಲು ಸಾಧ್ಯವೆ? ಈ ಹುಡುಕಾಟದಲ್ಲಿ ಅವರು ರಸಾಯನಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಸ್ವಂತ ಓದಿನಿಂದ ಕಲಿತರು.

ಇದೇ ಕಾಲದಲ್ಲಿ ಅವರ ಬಾಳಿಗೆ ಬಂದವರು ಐರಿಸ್. ಆಕೆ ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ವಿದುಷಿ. ಇಬ್ಬರೂ ಸೇರಿ 1960ರ ಆರಂಭದಲ್ಲಿ ಡೆಟ್ರಾಯಿಟ್‌ನ ಒಂದು ಅಂಗಡಿ ಮಳಿಗೆಯಲ್ಲಿ ಸಣ್ಣ ಪ್ರಯೋಗಾಲಯ ತೆರೆದರು. ಉದ್ದೇಶ ಸ್ಪಷ್ಟವಾಗಿತ್ತು: ವಿಜ್ಞಾನವನ್ನು ಸಮಾಜದ ಸಮಸ್ಯೆಗಳ ಪರಿಹಾರಕ್ಕೆ ಬಳಸಬೇಕು; ಅದರಲ್ಲೂ ಪೆಟ್ರೋಲಿನ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡಬೇಕು. 1973ರ ತೈಲ ಬಿಕ್ಕಟ್ಟಿಗೆ ಇನ್ನೂ 13 ವರ್ಷ ಇದ್ದಾಗ ಹೀಗೆ ಯೋಚಿಸಿದ್ದು ಸಣ್ಣ ಮಾತಲ್ಲ. 1964ರಲ್ಲಿ ಆ ಪ್ರಯೋಗಾಲಯ ಎನರ್ಜಿ ಕನ್ವರ್ಷನ್ ಡಿವೈಸಸ್ ಎಂಬ ಹೆಸರು ಪಡೆಯಿತು. ಚಿಕ್ಕದಾಗಿ ಅದನ್ನು ಇ.ಸಿ.ಡಿ. ಎಂದು ಕರೆಯೋಣ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕಾಗುತ್ತದೆ. ಉಪ್ಪು, ಸಕ್ಕರೆ, ವಜ್ರ ಇವೆಲ್ಲ ಸ್ಫಟಿಕಗಳು. ಇವುಗಳಲ್ಲಿ ಪರಮಾಣುಗಳು ಶಾಲೆಯ ಮೈದಾನದಲ್ಲಿ ಕವಾಯತಿಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಗಾಜಿನಲ್ಲಿ ಹಾಗಿಲ್ಲ. ಅಲ್ಲಿನ ಪರಮಾಣುಗಳು ಸಂತೆಯ ಜನರಂತೆ. ಅಕ್ಕಪಕ್ಕದವರ ಪರಿಚಯವುಂಟು, ದೂರದ ಸಾಲಿನ ಶಿಸ್ತಿಲ್ಲ. ಇಂಥ ವಸ್ತುಗಳನ್ನು ಅಸ್ಫಟಿಕ ವಸ್ತುಗಳು ಎನ್ನುತ್ತಾರೆ. ಟ್ರಾನ್ಸಿಸ್ಟರಿನ ಯುಗದಲ್ಲಿ ವಿಜ್ಞಾನಿಗಳ ಗಮನವೆಲ್ಲ ಸ್ಫಟಿಕಗಳ ಮೇಲೆಯೇ ಇತ್ತು. ಸಿಲಿಕಾನ್ ಎಷ್ಟು ಶುದ್ಧವಾಗಿ, ಎಷ್ಟು ಕ್ರಮಬದ್ಧವಾಗಿ ಇರುತ್ತದೋ ಅಷ್ಟು ಒಳ್ಳೆಯದು ಎಂಬ ನಂಬಿಕೆಯ ಕಾಲ ಅದು. ಅವ್ಯವಸ್ಥೆ ಎಂದರೆ ದೋಷ. ಓವ್‌ಶಿನ್‌ಸ್ಕಿ ಹಿಡಿದದ್ದು ಅದನ್ನೇ. ಟೆಲ್ಯೂರಿಯಂ, ಆರ್ಸೆನಿಕ್, ಸಿಲಿಕಾನ್, ಜರ್ಮೇನಿಯಂ ಬೆರೆಸಿದ ಗಾಜಿನ ತೆಳು ಪದರದ ಮೇಲೆ ವೋಲ್ಟೇಜು ಏರಿಸುತ್ತ ಹೋದರೆ, ಒಂದು ಮಿತಿಯವರೆಗೆ ಅದು ವಿದ್ಯುತ್ತನ್ನು ತಡೆಯುತ್ತದೆ. ಮಿತಿ ದಾಟಿದ ಕ್ಷಣ ಒಳ್ಳೆಯ ವಾಹಕವಾಗುತ್ತದೆ. ಅವರು ಹುಡುಕುತ್ತಿದ್ದ ನರಕೋಶದ ಗುಣ ಗಾಜಿನಲ್ಲಿ ಸಿಕ್ಕಿತ್ತು.

1968ರ ನವೆಂಬರಿನಲ್ಲಿ ಈ ಸಂಶೋಧನೆ 'ಫಿಸಿಕಲ್ ರಿವ್ಯೂ ಲೆಟರ್ಸ್' ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ದಿನಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇ.ಸಿ.ಡಿ.ಯ ಷೇರು ಬೆಲೆ ಜಿಗಿಯಿತು. ಹಾಗೆಯೇ ಸಂಶಯದ ದನಿಗಳೂ ಎದ್ದವು. ಪದವಿಯಿಲ್ಲದ ಈ ಟೂಲ್‌ಮೇಕರ್ ಅರೆವಾಹಕಗಳ ಬಗ್ಗೆ ನಮಗೇನು ಹೇಳುತ್ತಾನೆ ಎಂದು ಕೇಳಿದವರು ಹಲವರು. ಆದರೆ ಬ್ರಿಟನ್ನಿನ ಹಿರಿಯ ಭೌತವಿಜ್ಞಾನಿ ನೆವಿಲ್ ಮಾಟ್ ಅವರಂಥವರು ಇದರ ಮಹತ್ವವನ್ನು ಗುರುತಿಸಿದರು. ಅವ್ಯವಸ್ಥಿತ ವಸ್ತುಗಳ ಅಧ್ಯಯನಕ್ಕಾಗಿ ಮಾಟ್ 1977ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಜಾತಿಯ ಗಾಜುಗಳ ಸ್ವಿಚ್ಚಿನ ಗುಣವನ್ನು ಕುರಿತು ಹಲವು ವರ್ಷ ಸಂಶೋಧನೆ ನಡೆದಿದೆ. ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಸಿ.ಡಿ. ಮತ್ತು ಡಿ.ವಿ.ಡಿ.ಗಳು ಬಂದದ್ದು ಇದೇ ವಿಜ್ಞಾನದ ಮುಂದುವರಿಕೆಯಿಂದ.

ಇನ್ನು ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ. ಓವ್‌ಶಿನ್‌ಸ್ಕಿ ದಂಪತಿಗಳ ಕನಸು ಜಲಜನಕವನ್ನು ಇಂಧನವಾಗಿ ಬಳಸುವುದಾಗಿತ್ತು. ಆದರೆ ಜಲಜನಕ ಅನಿಲವನ್ನು ಕೂಡಿಡುವುದು ಕಷ್ಟ. ಕೆಲವು ಮಿಶ್ರಲೋಹಗಳು ಸ್ಪಂಜು ನೀರು ಹೀರುವಂತೆ ಜಲಜನಕವನ್ನು ತಮ್ಮೊಳಕ್ಕೆ ಹೀರಿಕೊಳ್ಳುತ್ತವೆ. ಲ್ಯಾಂಥನಮ್ ಮತ್ತು ನಿಕ್ಕಲ್ ಸೇರಿದ ಇಂಥದೊಂದು ಮಿಶ್ರಲೋಹವನ್ನು ನೆದರ್‌ಲೆಂಡ್ಸಿನ ಫಿಲಿಪ್ಸ್ ಕಂಪನಿಯ ವಿಜ್ಞಾನಿಗಳು 1960ರ ದಶಕದ ಕೊನೆಯಲ್ಲೇ ಗುರುತಿಸಿದ್ದರು. ಹಾಗಾಗಿ ಈ ಬ್ಯಾಟರಿ ಒಬ್ಬರೇ ಹೆತ್ತ ಕೂಸಲ್ಲ. ಯೂರೋಪಿನಲ್ಲೂ ಜಪಾನಿನಲ್ಲೂ ಅದರ ಹಿಂದೆ ಬಿದ್ದವರಿದ್ದರು. ಓವ್‌ಶಿನ್‌ಸ್ಕಿ ಅವರ ವಿಶೇಷವೆಂದರೆ ತಮ್ಮ ಹಳೆಯ ಅವ್ಯವಸ್ಥೆಯ ಸೂತ್ರವನ್ನೇ ಇಲ್ಲಿಗೂ ತಂದದ್ದು. ಟೈಟಾನಿಯಂ, ಜಿರ್ಕೋನಿಯಂ, ವೆನೇಡಿಯಂ, ನಿಕ್ಕಲ್, ಕ್ರೋಮಿಯಂ ಹೀಗೆ ಹಲವು ಲೋಹಗಳನ್ನು ಒಟ್ಟಿಗೆ ಬೆರೆಸಿದರೆ, ಜಲಜನಕ ಬಂದು ಕೂರಲು ಬಗೆಬಗೆಯ ಜಾಗಗಳು ಸಿಗುತ್ತವೆ. ಒಂದು ಲೋಹ ಜಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಸಡಿಲವಾಗಿ ಬಿಡುತ್ತದೆ, ಮತ್ತೊಂದು ತುಕ್ಕನ್ನು ತಡೆಯುತ್ತದೆ. ಹದವಾಗಿ ಬೆರೆಸಿದರೆ ಬೇಕಾದ ಗುಣ ಬರುತ್ತದೆ.

ಈ ಬ್ಯಾಟರಿಯ ಹೆಸರು ನಿಕ್ಕಲ್–ಮೆಟಲ್ ಹೈಡ್ರೈಡ್. ಕೆಲಸ ಮಾಡುವ ರೀತಿ ಸರಳ. ಒಂದು ಕಡೆ ನಿಕ್ಕಲ್ ಹೈಡ್ರಾಕ್ಸೈಡ್, ಇನ್ನೊಂದು ಕಡೆ ಜಲಜನಕ ಹೀರುವ ಮಿಶ್ರಲೋಹ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ. ಚಾರ್ಜು ಮಾಡುವಾಗ ದ್ರಾವಣದ ನೀರಿನಿಂದ ಬಿಡಿಸಿಕೊಂಡ ಜಲಜನಕ ಮಿಶ್ರಲೋಹದೊಳಗೆ ಸೇರುತ್ತದೆ. ಬಳಸುವಾಗ ಅದು ಹೊರಬಂದು ಮತ್ತೆ ನೀರಾಗುತ್ತದೆ. ಆ ಹೊತ್ತಿಗೆ ಹೊರಗಿನ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಒಂದು ಕೋಶದಿಂದ ಸುಮಾರು 1.2 ವೋಲ್ಟ್ ಸಿಗುತ್ತದೆ.

ಇದಕ್ಕಿಂತ ಮೊದಲು ಚಾಲ್ತಿಯಲ್ಲಿದ್ದದ್ದು ನಿಕ್ಕಲ್–ಕ್ಯಾಡ್ಮಿಯಂ ಬ್ಯಾಟರಿ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ್ದು. ನಮ್ಮ ದೂರದರ್ಶನ ವೃತ್ತಿಯವರಿಗೆ ಅದರ ಪರಿಚಯ ಚೆನ್ನಾಗಿದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಹೊರಾಂಗಣ ಚಿತ್ರೀಕರಣಕ್ಕೆ ಹೊರಟರೆ ಕ್ಯಾಮೆರಾಕ್ಕಿಂತ ಹೆಚ್ಚು ಯೋಚನೆ ಅದರ ಬ್ಯಾಟರಿಗಳದು. ಹಿಂದಿನ ರಾತ್ರಿ ಒಂದೊಂದನ್ನೂ ಪೂರ್ತಿ ಇಳಿಸಿ ಮತ್ತೆ ಚಾರ್ಜಿಗಿಡಬೇಕು. ಅರ್ಧ ಇಳಿದದ್ದನ್ನೇ ಪದೇ ಪದೇ ಚಾರ್ಜು ಮಾಡುತ್ತ ಬಂದರೆ ಅದು ಅರ್ಧಕ್ಕೇ ಒಗ್ಗಿಕೊಂಡು, ಚಿತ್ರೀಕರಣದ ನಡುವೆ ಕೈಕೊಡುತ್ತಿತ್ತು. ಅದಕ್ಕಿಂತ ದೊಡ್ಡ ದೋಷವೆಂದರೆ ಕ್ಯಾಡ್ಮಿಯಂ ವಿಷ. ಜಪಾನಿನಲ್ಲಿ ಗಣಿಯಿಂದ ನದಿಗೆ ಸೇರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳಿಗೆ ಹರಿದು, ಜನರ ಮೂಳೆಗಳನ್ನೇ ಪುಡಿಮಾಡಿದ 'ಇತಾಯಿ-ಇತಾಯಿ' ರೋಗಕ್ಕೆ ಕಾರಣವಾಯಿತು. ಹೊಸ ಬ್ಯಾಟರಿಯಲ್ಲಿ ಆ ವಿಷವಿಲ್ಲ; ಅಷ್ಟೇ ಗಾತ್ರದಲ್ಲಿ ಶಕ್ತಿಯೂ ಹೆಚ್ಚು.

ಓವ್‌ಶಿನ್‌ಸ್ಕಿ 1982ರಲ್ಲಿ ಓವೋನಿಕ್ ಬ್ಯಾಟರಿ ಕಂಪನಿಯನ್ನು ಸ್ಥಾಪಿಸಿದರು. ಆರಂಭದಲ್ಲಿ ಸಣ್ಣ ಸೆಲ್ಲುಗಳ ಕೆಲಸ. ಲಕ್ಷ್ಯ ಮಾತ್ರ ಕಾರಿನ ಮೇಲೆ. 1990ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಒಂದು ನಿಯಮ ಮಾಡಿತು: 1998ರ ವೇಳೆಗೆ ದೊಡ್ಡ ಕಂಪನಿಗಳು ಅಲ್ಲಿ ಮಾರುವ ಕಾರುಗಳಲ್ಲಿ ಶೇಕಡ 2ರಷ್ಟು ಹೊಗೆಯುಗುಳದ ಕಾರುಗಳಿರಬೇಕು. ಕೂಡಲೇ ಬ್ಯಾಟರಿಗೆ ಬೇಡಿಕೆ ಹುಟ್ಟಿತು. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಮತ್ತು ಅಮೆರಿಕ ಸರ್ಕಾರ ಸೇರಿ ಮಾಡಿಕೊಂಡ ಬ್ಯಾಟರಿ ಒಕ್ಕೂಟ 1992ರಲ್ಲಿ ತನ್ನ ಮೊದಲ ಗುತ್ತಿಗೆಯನ್ನು ಕೊಟ್ಟದ್ದು ಓವ್‌ಶಿನ್‌ಸ್ಕಿ ಅವರ ಕಂಪನಿಗೆ. ಮರುವರ್ಷ ಅವರೂ ಅವರ ಸಹೋದ್ಯೋಗಿಗಳೂ ಬರೆದ ಲೇಖನ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1994ರಲ್ಲಿ ಜನರಲ್ ಮೋಟರ್ಸ್ ಜೊತೆ ಪಾಲುದಾರಿಕೆಯ ಕಂಪನಿ ರೂಪುಗೊಂಡಿತು. ಅದರಲ್ಲಿ ಶೇಕಡ 60 ಪಾಲು ಕಾರು ಕಂಪನಿಯದು, ಶೇಕಡ 40 ಇ.ಸಿ.ಡಿ.ಯದು. ಜನರಲ್ ಮೋಟರ್ಸಿನ ಅಧ್ಯಕ್ಷರಾಗಿದ್ದ ರಾಬರ್ಟ್ ಸ್ಟೆಂಪಲ್ ಅವರೇ ಮುಂದೆ ಇ.ಸಿ.ಡಿ.ಯ ಅಧ್ಯಕ್ಷರಾಗಿ ಬಂದರು.

ಬ್ಯಾಟರಿಯ ಯೋಗ್ಯತೆ ರಸ್ತೆಯ ಮೇಲೆ ತೋರಿಬಂತು. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಸುಮಾರು 30ರಿಂದ 40 ವಾಟ್-ಗಂಟೆ ಶಕ್ತಿ ಹಿಡಿದರೆ, ಇದರಲ್ಲಿ ಅದರ ಎರಡರಷ್ಟು. 1996ರಲ್ಲಿ ಸೋಲೆಕ್ಟ್ರಿಯ ಎಂಬ ಸಣ್ಣ ಕಂಪನಿಯ ಹಗುರ ಕಾರೊಂದು ಓವೋನಿಕ್ ಬ್ಯಾಟರಿಯ ಬಲದಿಂದ ಒಂದೇ ಚಾರ್ಜಿನಲ್ಲಿ 373 ಮೈಲಿ, ಅಂದರೆ ಸುಮಾರು 600 ಕಿ.ಮೀ. ಓಡಿತು. ಜನರಲ್ ಮೋಟರ್ಸಿನ ವಿದ್ಯುತ್ ಕಾರು ಇ.ವಿ.1 ಅದೇ ವರ್ಷದ ಕೊನೆಗೆ ರಸ್ತೆಗಿಳಿದಾಗ ಅದರಲ್ಲಿದ್ದದ್ದು ಸೀಸದ ಬ್ಯಾಟರಿ. 1999ರ ಮಾದರಿಯಲ್ಲಿ ನಿಕ್ಕಲ್–ಮೆಟಲ್ ಹೈಡ್ರೈಡ್ ಬಂದ ಮೇಲೆ ಒಂದು ಚಾರ್ಜಿಗೆ 160 ಕಿ.ಮೀ. ಮೀರಿ ಓಡುವುದು ಸಾಧ್ಯವಾಯಿತು. ಹೋಲಿಕೆಗೆ ಹೇಳುವುದಾದರೆ, 2001ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕಾರು ಸೀಸದ ಬ್ಯಾಟರಿಯಿಂದಲೇ ಓಡಾಟ ಆರಂಭಿಸಿತು.

ಇಷ್ಟಾದ ಮೇಲೆ ಎಲ್ಲ ಸುಸೂತ್ರವಾಗಿ ನಡೆಯಬೇಕಿತ್ತು. ನಡೆಯಲಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯ ತನ್ನ 1998ರ ಗಡುವನ್ನು ಕೈಬಿಟ್ಟಿತ್ತು. ಇ.ವಿ.1 ಕಾರನ್ನು ಯಾರಿಗೂ ಮಾರಿರಲಿಲ್ಲ, ಬಾಡಿಗೆಗೆ ಮಾತ್ರ ಕೊಟ್ಟಿದ್ದರು. 2003ರ ನಂತರ ಆ ಕಾರುಗಳನ್ನು ವಾಪಸು ಪಡೆದು, ಸಂಗ್ರಹಾಲಯಗಳಿಗೆ ಕೆಲವನ್ನು ಕೊಟ್ಟು, ಬಹುಪಾಲನ್ನು ಜಜ್ಜಿ ಹಾಕಿದರು. ಬಳಸುತ್ತಿದ್ದವರು ಬೀದಿಗಿಳಿದು ಪ್ರತಿಭಟಿಸಿದರು. 2006ರಲ್ಲಿ ತೆರೆಕಂಡ 'ವಿದ್ಯುತ್ ಕಾರನ್ನು ಕೊಂದವರು ಯಾರು' ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರ ಈ ಕತೆಯನ್ನು ಹೇಳುತ್ತದೆ. ಓವ್‌ಶಿನ್‌ಸ್ಕಿ ದಂಪತಿಗಳೂ ಅದರಲ್ಲಿ ಮಾತನಾಡಿದ್ದಾರೆ.

ಈ ನಡುವೆ ಬ್ಯಾಟರಿಯ ಒಡೆತನವೂ ಕೈಬದಲಾಯಿತು. ಇ.ಸಿ.ಡಿ.ಗೆ ಯಾವಾಗಲೂ ಹಣದ ಅಡಚಣೆ. ಬಹುತೇಕ ವರ್ಷಗಳಲ್ಲಿ ಅದು ನಷ್ಟದಲ್ಲೇ ಇತ್ತು; ಸಂಶೋಧನೆ ನಡೆಯುತ್ತಿದ್ದದ್ದು ಪಾಲುದಾರರ ಹಣದಿಂದ. 2000ದಲ್ಲಿ ಟೆಕ್ಸಕೊ ತೈಲ ಕಂಪನಿ ಇ.ಸಿ.ಡಿ.ಯ ಶೇಕಡ 20ರಷ್ಟು ಪಾಲನ್ನು ಕೊಂಡಿತು. ಬ್ಯಾಟರಿ ಕಂಪನಿಯಲ್ಲಿ ಜನರಲ್ ಮೋಟರ್ಸಿಗೆ ಇದ್ದ ಪಾಲೂ ಅದರ ಕೈಸೇರಿತು. 2001ರಲ್ಲಿ ಟೆಕ್ಸಕೊ ಇನ್ನೊಂದು ತೈಲ ಕಂಪನಿಯಾದ ಶೆವ್ರಾನ್‌ನಲ್ಲಿ ವಿಲೀನವಾಯಿತು. ಪೆಟ್ರೋಲಿನ ಅವಲಂಬನೆ ತಪ್ಪಿಸಬೇಕೆಂದು 40 ವರ್ಷ ದುಡಿದವರ ಬ್ಯಾಟರಿಯಲ್ಲಿ ಪೆಟ್ರೋಲು ಮಾರುವವರು ಅರ್ಧಪಾಲುದಾರರಾದರು.

ಮುಂದೆ ಕೋಬಾಸಿಸ್ ಎಂಬ ಹೆಸರು ಪಡೆದ ಆ ಕಂಪನಿಯಿಂದ ಶುದ್ಧ ವಿದ್ಯುತ್ ಕಾರಿಗೆ ಬೇಕಾದ ದೊಡ್ಡ ಬ್ಯಾಟರಿ ಸಿಗುವುದೇ ಕಷ್ಟವಾಯಿತು. ತೈಲ ಕಂಪನಿ ಪೇಟೆಂಟನ್ನು ಹಿಡಿದಿಟ್ಟು ಬ್ಯಾಟರಿಯನ್ನು ಅದುಮಿತು ಎಂದು ಒಂದು ಪಕ್ಷ ದೂರುತ್ತದೆ. ಸಾಕಷ್ಟು ದೊಡ್ಡ ಬೇಡಿಕೆಯೇ ಇರಲಿಲ್ಲ, ಬೆಲೆ ದುಬಾರಿ, ಅಷ್ಟರಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿತ್ತು ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡರಲ್ಲೂ ಸತ್ಯಾಂಶವಿದೆ ಎಂದು ನನ್ನ ಭಾವನೆ. ಆದರೆ ಬ್ಯಾಟರಿಗೆ ಸಾಮರ್ಥ್ಯವಿರಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಜಪಾನಿನಲ್ಲಿ ತಯಾರಾದ ಇದೇ ಜಾತಿಯ ಬ್ಯಾಟರಿ ಹೊತ್ತ ಟೊಯೋಟಾ ರಾವ್4 ವಿದ್ಯುತ್ ಕಾರುಗಳು ಕ್ಯಾಲಿಫೋರ್ನಿಯದಲ್ಲಿ 1,60,000 ಕಿ.ಮೀ. ಮೀರಿ ಓಡಿದವು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್ ಎಂಬ ಪೆಟ್ರೋಲು–ವಿದ್ಯುತ್ ಜೋಡಿ ಕಾರು ಈ ಬ್ಯಾಟರಿಯನ್ನು ಲೋಕದ ತುಂಬ ಹರಡಿತು. ಪೇಟೆಂಟಿನ ವಿಷಯದಲ್ಲಿ ಟೊಯೋಟಾ ಮತ್ತು ಪ್ಯಾನಸೋನಿಕ್ ಜೊತೆ ನಡೆದ ವ್ಯಾಜ್ಯ 2004ರಲ್ಲಿ ಒಪ್ಪಂದದಿಂದ ಮುಗಿಯಿತು. ಸಾಮರ್ಥ್ಯವನ್ನು ಕಣ್ಣಾರೆ ಕಂಡ ಮೇಲೂ ದೊಡ್ಡ ಬ್ಯಾಟರಿ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಅದನ್ನು ರೂಪಿಸಿದವರ ಬಳಿ ಇರಲಿಲ್ಲ.

ಓವ್‌ಶಿನ್‌ಸ್ಕಿ ಸುಮ್ಮನೆ ಕೂರುವ ಸ್ವಭಾವದವರಲ್ಲ. ದಿನಪತ್ರಿಕೆ ಅಚ್ಚಾಗುವ ಹಾಗೆ ಉಕ್ಕಿನ ತೆಳು ಹಾಳೆಯ ಸುರುಳಿಯ ಮೇಲೆ ಉದ್ದಕ್ಕೂ ಸೌರಕೋಶಗಳನ್ನು ಮೂಡಿಸುವ ಯಂತ್ರವನ್ನು ಅವರು ರೂಪಿಸಿದ್ದರು. ಬೆಂಜಮಿನ್ ಲೇತ್ ಕಟ್ಟಿದ ಕೈ ಅಲ್ಲೂ ಕಾಣುತ್ತದೆ. 2006ರಲ್ಲಿ ಐರಿಸ್ ತೀರಿಕೊಂಡರು. ಮರುವರ್ಷ ತಾವೇ ಕಟ್ಟಿದ ಇ.ಸಿ.ಡಿ.ಯನ್ನು ಬಿಟ್ಟು ಹೊರಬಂದಾಗ ಅವರಿಗೆ 84 ವರ್ಷ. ಆ ವಯಸ್ಸಿನಲ್ಲಿ ಇನ್ನೊಂದು ಹೊಸ ಕಂಪನಿ ಆರಂಭಿಸಿದರು. ಅಗ್ಗದ ಸೌರಫಲಕಗಳ ಪೈಪೋಟಿಯಲ್ಲಿ ಸೋತ ಇ.ಸಿ.ಡಿ. 2012ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಓವೋನಿಕ್ ಬ್ಯಾಟರಿ ಕಂಪನಿ ಜರ್ಮನಿಯ ಬಿ.ಎ.ಎಸ್.ಎಫ್. ಪಾಲಾಯಿತು. ಅದೇ ವರ್ಷದ ಅಕ್ಟೋಬರ್ 17ರಂದು, 90 ತುಂಬಲು ಒಂದು ತಿಂಗಳು ಚಿಲ್ಲರೆ ಉಳಿದಿರುವಾಗ, ಓವ್‌ಶಿನ್‌ಸ್ಕಿ ನಿಧನರಾದರು.

ವೀಕ್ಷಕರೆ, ಲಾಭನಷ್ಟದ ಪುಸ್ತಕ ತೆರೆದು ನೋಡಿದರೆ ಅವರು ಗೆದ್ದ ಉದ್ಯಮಿ ಎನ್ನಲಾಗದು. ಆದರೆ ಅಂಗಡಿಗೆ ಹೋಗಿ ಚಾರ್ಜು ಮಾಡುವ ಪೆನ್‌ಟಾರ್ಚಿನ ಗಾತ್ರದ ಸೆಲ್ಲು ಕೇಳಿದರೆ ಇಂದಿಗೂ ಸಾಮಾನ್ಯವಾಗಿ ಸಿಗುವುದು ನಿಕ್ಕಲ್–ಮೆಟಲ್ ಹೈಡ್ರೈಡ್. ಲೋಕದ ಲಕ್ಷಾಂತರ ಜೋಡಿ ಕಾರುಗಳನ್ನು ಓಡಿಸಿದ್ದೂ ಅದೇ. ಈಗ ಬೆಂಗಳೂರಿನ ಬೀದಿಗಳಲ್ಲಿ ಓಡುವ ವಿದ್ಯುತ್ ಸ್ಕೂಟರುಗಳಲ್ಲಿರುವುದು ಅದಕ್ಕಿಂತ ಹಗುರವಾದ ಲಿಥಿಯಂ ಬ್ಯಾಟರಿ. ಆದರೆ ಬ್ಯಾಟರಿಯಿಂದ ಒಂದು ಸಂಸಾರದ ಕಾರು ಓಡಬಲ್ಲದು ಎಂದು ಜನರಿಗೆ ನಂಬಿಕೆ ಬಂದ ಕಾಲದಲ್ಲಿ ರಸ್ತೆಯ ಮೇಲಿದ್ದದ್ದು ಓವ್‌ಶಿನ್‌ಸ್ಕಿ ಅವರ ಜಾತಿಯ ಬ್ಯಾಟರಿ.

ನಮ್ಮ ರಾಜ್ಯದಲ್ಲೂ ಇಂದು ಬ್ಯಾಟರಿ, ವಿದ್ಯುತ್ ವಾಹನ ಎಂದು ಹೊಸ ಉದ್ಯಮ ಕಟ್ಟಲು ಹೊರಟ ಯುವಕ ಯುವತಿಯರು ಎಷ್ಟೋ ಮಂದಿ. ಅವರಿಗೆ ಈ ಜೀವನದಿಂದ ಎರಡು ಮಾತು ದಕ್ಕುತ್ತವೆ. ಪದವಿಯಿಲ್ಲ ಎಂಬ ಕಾರಣಕ್ಕೆ ಕುತೂಹಲವನ್ನು ಬಿಡಬೇಕಾಗಿಲ್ಲ. ಗ್ರಂಥಾಲಯ ಮತ್ತು ಯಂತ್ರದ ಅಂಗಡಿ ಎರಡೂ ಸೇರಿದರೆ ಒಂದು ವಿಶ್ವವಿದ್ಯಾಲಯ. ಎರಡನೆಯದು, ಪ್ರಯೋಗಾಲಯದಲ್ಲಿ ಮಿಶ್ರಲೋಹದ ಹದ ನೋಡುವಷ್ಟೇ ಎಚ್ಚರದಿಂದ ಪಾಲುದಾರಿಕೆಯ ಕಾಗದವನ್ನೂ ಓದಬೇಕು. ಹಣ ಕೊಡುವವರ ಹಿತವೂ ನಮ್ಮ ವಸ್ತುವಿನ ಹಿತವೂ ಒಂದೇ ದಿಕ್ಕಿನಲ್ಲಿದೆಯೆ ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಸರ್ಕಾರಗಳಿಗೂ ಇಲ್ಲೊಂದು ಪಾಠವಿದೆ. ಕ್ಯಾಲಿಫೋರ್ನಿಯದ ಒಂದು ನಿಯಮ ಬ್ಯಾಟರಿಗೆ ಮಾರುಕಟ್ಟೆ ಸೃಷ್ಟಿಸಿತು. ಆ ನಿಯಮ ಸಡಿಲವಾದ ಕೂಡಲೇ ಮಾರುಕಟ್ಟೆಯೂ ಕುಸಿಯಿತು.